ತಗ್ಗಿಸಿದ ಸ್ಪೋರ್ಟ್ಸ್ ಕಾರು: ಹಿಂದಿನ ಟೈರ್ ಒಳಗಡೆ ಮಾತ್ರ ಸವೆಯುತ್ತಿದೆ, ಎಲ್ಲಿಂದ ಶುರು ಮಾಡಲಿ?

ಕೆಂಪುರೋಡ್‌ಸ್ಟರ್:

ಎಲ್ಲರಿಗೂ ನಮಸ್ಕಾರ. ನನ್ನದು ಮಾಜ್ದಾ ಎಂಎಕ್ಸ್-5, ಎರಡನೇ ತಲೆಮಾರಿನ ಎನ್‌ಬಿ. ನಾಲ್ಕೂ ಕಡೆ 205/45 ಆರ್16 ಟೈರ್. ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿಸಿ ಸುಮಾರು 40 ಮಿ.ಮೀ. ತಗ್ಗಿಸಿದ್ದೇನೆ. ಓಡಿಸೋಕೆ ತುಂಬಾ ಚೆನ್ನಾಗಿದೆ. ಆದರೆ ಹಿಂದಿನ ಟೈರುಗಳು ಉಳಿಯುತ್ತಿಲ್ಲ.

ಹೊರಗಿನಿಂದ ನೋಡಿದರೆ ಏನೂ ಗೊತ್ತಾಗಲ್ಲ. ನಡುವೆ ಗ್ರೂವ್ ಇನ್ನೂ 5 ಮಿ.ಮೀ. ಆಳ ಇದೆ. ಬ್ರೇಕ್ ಪ್ಯಾಡ್ ನೋಡಲು ಚಕ್ರ ಬಿಚ್ಚಿದಾಗ ಎಡಗಡೆ ಟೈರಿನ ಒಳ ಅಂಚಿನಲ್ಲಿ ರಬ್ಬರ್ ಪೂರ್ತಿ ಹೋಗಿ ಒಳಗಿನ ಪದರ ಕಾಣುತ್ತಿತ್ತು. ಬಲಗಡೆಯದು ಅಷ್ಟು ಕೆಟ್ಟಿಲ್ಲ, ಆದರೆ ಅದೂ ಒಳಗಡೆಯೇ ನುಣ್ಣಗಾಗಿದೆ.

ಅಲೈನ್‌ಮೆಂಟಿಗೆ, ಅಂದರೆ ಚಕ್ರಗಳ ಕೋನ ಅಳೆದು ಹೊಂದಿಸೋಕೆ, ಅಂಗಡಿಗೆ ಒಯ್ದು ಅಳತೆಯ ಚೀಟಿ ತಂದೆ. ಕ್ಯಾಂಬರ್ ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಅನ್ನೋದು (ಮೈನಸ್ ಅಂದರೆ ಮೇಲ್ಭಾಗ ಒಳಕ್ಕೆ). ಟೋ ಇನ್ ಅಂದರೆ ಚಕ್ರದ ಮುಂಭಾಗ ಎಷ್ಟು ಒಳಕ್ಕೆ ತಿರುಗಿದೆ ಅನ್ನೋದು, ಟೋ ಔಟ್ ಅಂದರೆ ಹೊರಕ್ಕೆ. ಹಿಂದಿನ ಚಕ್ರಗಳ ಅಳತೆ ಹೀಗಿದೆ. ಎಡ: ಕ್ಯಾಂಬರ್ ಮೈನಸ್ 2.9 ಡಿಗ್ರಿ, ಟೋ ಇನ್ 0.38 ಡಿಗ್ರಿ. ಬಲ: ಕ್ಯಾಂಬರ್ ಮೈನಸ್ 2.3, ಟೋ ಇನ್ 0.10. ಹೊಂದಿಸುವ ಬೋಲ್ಟುಗಳು ತಿರುಗುತ್ತಿಲ್ಲ, ತುಕ್ಕು ಹಿಡಿದಿವೆ, ತಗ್ಗಿಸಿದ ಕಾರಿಗೆ ಇದು ಇಷ್ಟೇ ಅಂತ ಅಂಗಡಿಯವರು ಅಂದುಬಿಟ್ಟರು.

ಕ್ಯಾಂಬರ್ ಜಾಸ್ತಿ ಆಗಿದೆ ಅನ್ನೋದು ನನಗೂ ಕಾಣುತ್ತಿದೆ. ಹಾಗಾದರೆ ಅಡ್ಜಸ್ಟ್ ಮಾಡಬಹುದಾದ ಮೇಲಿನ ಆರ್ಮ್ (ಚಕ್ರವನ್ನು ಕಾರಿಗೆ ಜೋಡಿಸುವ ಲೋಹದ ಕೊಂಡಿ) ತಗೊಂಡರೆ ಸರಿ ಹೋಗುತ್ತದಾ? ದುಡ್ಡು ಹಾಕುವ ಮುಂಚೆ ಬಲ್ಲವರನ್ನು ಕೇಳೋಣ ಅನ್ನಿಸಿತು.

ಹೊಸಚಾಲಕ:

ನನ್ನ ಕಾರಿನಲ್ಲೂ ಹೀಗೇ ಆಗುತ್ತಿದೆ. ಗಾಳಿ ಕಡಿಮೆ ಇದ್ದರೂ ಅಂಚು ಸವೆಯುತ್ತದೆ ಅಂತ ಕೇಳಿದ್ದೆ. ಮೊದಲು ಅದನ್ನು ನೋಡಬಹುದಲ್ವಾ?

ಹಳೇಸ್ಪ್ಯಾನರ್:

ಗಾಳಿ ಕಡಿಮೆ ಆದರೆ ಎರಡೂ ಅಂಚು ಸವೆಯುತ್ತವೆ, ನಡು ಉಳಿಯುತ್ತದೆ. ಗಾಳಿ ಜಾಸ್ತಿ ಆದರೆ ನಡು ಸವೆಯುತ್ತದೆ, ಅಂಚು ಉಳಿಯುತ್ತವೆ. ಒಂದೇ ಅಂಚು ಹೋಗುತ್ತಿದ್ದರೆ ಅದು ಗಾಳಿಯ ಕೆಲಸ ಅಲ್ಲ. ಗಾಳಿ ನೋಡಿ, ತಪ್ಪೇನಿಲ್ಲ, ಆದರೆ ಅಲ್ಲಿಗೇ ನಿಲ್ಲಬೇಡಿ.

ಕೆಂಪುರೋಡ್‌ಸ್ಟರ್ ಅವರೇ, ಎಲ್ಲಕ್ಕಿಂತ ಮೊದಲು ಒಂದು ಮಾತು. ಆ ಎಡಗಡೆ ಟೈರಿನ ಮೇಲೆ ಇನ್ನು ಓಡಿಸಬೇಡಿ. ಪದರ ಕಂಡ ಟೈರ್ ಯಾವಾಗ ಒಡೆಯುತ್ತದೆ ಅಂತ ಯಾರೂ ಹೇಳಲಾಗದು. ಹಿಂದಿನ ಚಕ್ರ ಒಡೆದರೆ ಕಾರನ್ನು ಹಿಡಿಯೋದು ಮುಂದಿನದಕ್ಕಿಂತ ಕಷ್ಟ. ಟೈರಿನ ಸವೆತ ತೋರಿಸುವ ಉಬ್ಬುಗಳು 1.6 ಮಿ.ಮೀ. ಎತ್ತರದಲ್ಲಿ ಮುಖ್ಯ ಗ್ರೂವ್‌ಗಳ ಒಳಗೆ ಇರುತ್ತವೆ. ತೀರಾ ಒಳ ಅಂಚಿನಲ್ಲಿ ಅಂಥ ಗುರುತು ಇರುವುದಿಲ್ಲ. ಹಾಗಾಗಿ ಗ್ರೂವ್ ನೋಡಿ ಟೈರ್ ಚೆನ್ನಾಗಿದೆ ಅಂದುಕೊಳ್ಳುವವರು ಬಹಳ. ತಗ್ಗಿಸಿದ ಕಾರು ಇಟ್ಟುಕೊಂಡವರೆಲ್ಲ ಫೋನನ್ನು ಟೈರಿನ ಹಿಂದೆ ಹಿಡಿದು ಒಳ ಅಂಚಿನ ಫೋಟೋ ತೆಗೆಯುವ ಅಭ್ಯಾಸ ಮಾಡಿಕೊಳ್ಳಬೇಕು. ಚಕ್ರ ಬಿಚ್ಚಬೇಕಾಗಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆರ್ಮ್ ತಗೋಬೇಡಿ, ಸದ್ಯಕ್ಕಂತೂ ಬೇಡ. ನಿಮ್ಮ ರಬ್ಬರನ್ನು ತಿನ್ನುತ್ತಿರುವುದು ಮುಖ್ಯವಾಗಿ ಟೋ. ಯಾವ ಅಂಚನ್ನು ತಿನ್ನಬೇಕು ಅನ್ನೋದನ್ನು ಕ್ಯಾಂಬರ್ ತೀರ್ಮಾನಿಸುತ್ತದೆ, ಅಷ್ಟೇ.

ಲೆಕ್ಕ ಹಾಕಿ ನೋಡಿ. ಎರಡೂ ಚಕ್ರ ಸೇರಿ ನಿಮ್ಮ ಟೋ 0.48 ಡಿಗ್ರಿ. ಅಂದರೆ ಒಂದೊಂದಕ್ಕೆ 0.24. ಚಕ್ರ ಅಷ್ಟು ಓರೆಯಾಗಿ ನಿಂತು ನೇರ ಓಡಬೇಕಾದರೆ ಪ್ರತಿ ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಮಿಕ್ಕಿ ಅಡ್ಡಕ್ಕೆ ಜಾರಬೇಕು. ಸಾವಿರ ಕಿ.ಮೀ. ಓಡಿದರೆ ನಾಲ್ಕು ಕಿಲೋಮೀಟರ್ ದೂರ ಟೈರನ್ನು ಅಡ್ಡಡ್ಡ ಎಳೆದ ಹಾಗಾಯಿತು. ಅದನ್ನು ಯಾವ ರಬ್ಬರ್ ತಡೆಯುತ್ತದೆ? ಕ್ಯಾಂಬರ್ ಮೈನಸ್ 2 ಇದ್ದೂ ಟೋ ಸರಿಯಾಗಿದ್ದರೆ ಟೈರ್ ಸಾಕಷ್ಟು ಚೆನ್ನಾಗಿ ಬಾಳುತ್ತದೆ. ಕ್ಯಾಂಬರ್ ಮೈನಸ್ 1 ಇದ್ದು ಟೋ ಕೆಟ್ಟಿದ್ದರೆ ಬಾಳುವುದಿಲ್ಲ.

ಟ್ರ್ಯಾಕ್‌ಪ್ರಿಯೆ:

ಹಳೇಸ್ಪ್ಯಾನರ್ ಸರ್, ಒಂದು ಕಡೆ ನಿಮ್ಮ ಮಾತು ಪೂರ್ತಿ ಒಪ್ಪಲಾಗುತ್ತಿಲ್ಲ. ಟೋ ಇನ್ ಇದ್ದರೆ ಹೊರ ಅಂಚು ಸವೆಯಬೇಕು, ಟೋ ಔಟ್ ಇದ್ದರೆ ಒಳ ಅಂಚು. ನಾವೆಲ್ಲ ಕಲಿತದ್ದು ಹಾಗೇ. ಇವರದು ಟೋ ಇನ್. ಆದರೂ ಒಳ ಅಂಚೇ ಹೋಗಿದೆ. ಹಾಗಾದರೆ ತಪ್ಪು ಕ್ಯಾಂಬರಿನದೇ ಅಲ್ವಾ?

ನನ್ನ ಕಾರು ಹಿಂದೆ ಮೈನಸ್ 2.5 ಕ್ಯಾಂಬರಿನಲ್ಲಿದೆ. ಟೈರ್ ಸಮವಾಗಿಯೇ ಸವೆಯುತ್ತದೆ. ಆದರೆ ಅದು ಹೆಚ್ಚಾಗಿ ಟ್ರ್ಯಾಕಿನಲ್ಲೇ ಓಡುತ್ತದೆ, ತಿರುವಿನಲ್ಲಿ ಹೊರ ಅಂಚೂ ಕೆಲಸ ಮಾಡುತ್ತದೆ. ಸುಮ್ನೆ ನೇರ ರಸ್ತೆಯಲ್ಲಿ ಓಡುವ ಕಾರಿಗೆ ಅಷ್ಟು ಕ್ಯಾಂಬರ್ ಬೇಕಿಲ್ಲ ಅನ್ನೋದು ನನ್ನ ಅನಿಸಿಕೆ.

ಹಳೇಸ್ಪ್ಯಾನರ್:

ಒಳ್ಳೆಯ ಪ್ರಶ್ನೆ ಮೇಡಂ. ಚಕ್ರ ನೆಟ್ಟಗೆ ನಿಂತಿದ್ದರೆ ನೀವು ಹೇಳಿದ ನಿಯಮ ಸರಿ. ಮೈನಸ್ 2.9ರಲ್ಲಿ ಅದು ನಡೆಯುವುದಿಲ್ಲ. ಕಾರಿನ ಭಾರ ಮೊದಲೇ ಒಳ ಅಂಚಿನ ಮೇಲೆ ಕೂತುಬಿಟ್ಟಿದೆ. ಹೊರ ಅಂಚು ನೆಲವನ್ನು ಸವರಿಕೊಂಡು ಹೋಗುತ್ತದೆ, ಒತ್ತುವುದಿಲ್ಲ. ಅಡ್ಡ ಜಾರುವಾಗ ಸವೆಯೋದು ಒತ್ತಡ ಇರುವ ಕಡೆ.

ಇನ್ನೊಂದು ವಿಷಯ ಇದೆ. ಒಂದು ಲೋಟವನ್ನು ನೆಲದ ಮೇಲೆ ಮಲಗಿಸಿ ಉರುಳಿಸಿ. ನೇರ ಹೋಗುವುದಿಲ್ಲ, ಕಿರಿದಾದ ತಳ ಇರುವ ಕಡೆಗೆ ತಿರುಗುತ್ತದೆ. ಓರೆ ನಿಂತ ಚಕ್ರವೂ ಹಾಗೇ. ನೆಗೆಟಿವ್ ಕ್ಯಾಂಬರ್ ಇರುವ ಎರಡೂ ಚಕ್ರಗಳು ಕಾರಿನ ನಡುವಿನ ಕಡೆಗೆ ತಿರುಗಲು ನೋಡುತ್ತವೆ. ಟೋ ಇನ್ ಇದ್ದರೆ ಅದೂ ಅದೇ ಕಡೆಗೆ ತಳ್ಳುತ್ತದೆ. ಎರಡು ಬಲವೂ ಒಂದೇ ದಿಕ್ಕಿಗೆ ಸೇರಿಕೊಳ್ಳುತ್ತವೆ. ಕ್ಯಾಂಬರ್ ಜಾಸ್ತಿ ಇದ್ದಾಗ ಟೋ ಇನ್ ಇನ್ನೂ ಕಡಿಮೆ ಇರಬೇಕು ಅನ್ನೋದು ಇದಕ್ಕೇ.

ಕೈಯಿಂದಲೇ ಗುರುತಿಸಬಹುದು. ಟೈರಿನ ಮೇಲ್ಮೈಯನ್ನು ಒಳಗಿನಿಂದ ಹೊರಕ್ಕೆ ಸವರಿ, ಆಮೇಲೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ಕಡೆಗೆ ನುಣ್ಣಗಿದ್ದು ಇನ್ನೊಂದು ಕಡೆಗೆ ಚುಚ್ಚಿದರೆ ಟೋ ಕೆಟ್ಟಿದೆ ಅಂತ. ಒಳಗಿನಿಂದ ಹೊರಕ್ಕೆ ಸವರುವಾಗ ಚುಚ್ಚಿದರೆ ಟೋ ಇನ್ ಜಾಸ್ತಿ, ಹೊರಗಿನಿಂದ ಒಳಕ್ಕೆ ಸವರುವಾಗ ಚುಚ್ಚಿದರೆ ಟೋ ಔಟ್. ಬರೀ ಕ್ಯಾಂಬರಿನಿಂದ ಸವೆದ ಟೈರ್ ಎರಡೂ ಕಡೆಗೆ ನುಣ್ಣಗೇ ಇರುತ್ತದೆ. ಪದರ ಕಾಣುವ ಜಾಗ ಮುಟ್ಟಬೇಡಿ, ತಂತಿ ಇದ್ದರೆ ಬೆರಳು ಸೀಳುತ್ತದೆ.

ರಸ್ತೆ ಕಾರಿಗೆ ಅಷ್ಟು ಕ್ಯಾಂಬರ್ ಬೇಡ ಅನ್ನೋದನ್ನು ನಾನೂ ಒಪ್ಪುತ್ತೇನೆ.

ಕೆಂಪುರೋಡ್‌ಸ್ಟರ್:

ಸವರಿ ನೋಡಿದೆ. ಒಳಗಿನಿಂದ ಹೊರಕ್ಕೆ ಬಂದಾಗ ಸ್ಪಷ್ಟವಾಗಿ ಚುಚ್ಚುತ್ತದೆ. ಎರಡೂ ಟೈರಿನಲ್ಲಿ ಹಾಗೇ. ಕಾರು ನಿಲ್ಲಿಸಿದ್ದೇನೆ.

ಎಡಗಡೆ ಟೋ 0.38, ಬಲಗಡೆ 0.10. ಎಡಗಡೆ ಜಾಸ್ತಿ ಸವೆಯೋಕೆ ಇದೇ ಕಾರಣ ಅಂತ ತಿಳಿಯಲೇ?

ಅಲೈನ್‌ಮೆಂಟ್‌ಕೆಲಸ:

ಅಲ್ಲ. ದಿನಾ ಇದೇ ಕೆಲಸ ಮಾಡುವವನಾಗಿ ಹೇಳುತ್ತೇನೆ, ಬಹಳ ಜನ ಎಡವೋದು ಇಲ್ಲೇ.

ಹಿಂದಿನ ಚಕ್ರಗಳಿಗೆ ಸ್ಟಿಯರಿಂಗ್ ಇಲ್ಲ. ಎಡ ಚಕ್ರ ಬಲಕ್ಕೆ ಜಾಸ್ತಿ ನೋಡುತ್ತಿದ್ದರೆ, ಬಲ ಚಕ್ರ ಎಡಕ್ಕೆ ಕಡಿಮೆ ನೋಡುತ್ತಿದ್ದರೆ, ಕಾರಿನ ಹಿಂಭಾಗ ಎರಡರ ನಡುವಿನ ದಿಕ್ಕು ಹಿಡಿಯುತ್ತದೆ. ಆ ದಿಕ್ಕು ಕಾರಿನ ನಡುಗೆರೆಯಿಂದ ಎಷ್ಟು ಓರೆ ಇದೆಯೋ ಅದೇ ಥ್ರಸ್ಟ್ ಆಂಗಲ್. ನಿಮ್ಮದು 0.38 ಕಳೆ 0.10, ಅದರ ಅರ್ಧ, 0.14 ಡಿಗ್ರಿ. ಕಾರು ಸ್ವಲ್ಪ ಓರೆಯಾಗಿ ಓಡುತ್ತದೆ, ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಒಂದು ಕಡೆಗೆ ತಿರುಗಿಯೇ ಇರುತ್ತದೆ. ಆದರೆ ರಸ್ತೆಯ ಮೇಲೆ ಎರಡೂ ಹಿಂದಿನ ಟೈರುಗಳು ಜಾರೋದು ಸುಮಾರು ಸಮನಾಗಿಯೇ, 0.24 ಮತ್ತು 0.24. ಹಾಗಾಗಿ ಎಡ ಬಲ ಟೋ ಬೇರೆ ಬೇರೆ ಅಂದಮಾತ್ರಕ್ಕೆ ಎಡ ಬಲ ಸವೆತ ಬೇರೆ ಆಗುವುದಿಲ್ಲ. ಒಟ್ಟು ಟೋ ಎಷ್ಟು ಅನ್ನೋದು ಸವೆತಕ್ಕೆ ಮುಖ್ಯ. ಒಂದೊಂದರ ಟೋ ಎಷ್ಟು ಅನ್ನೋದು ಕಾರು ನೇರ ಓಡೋಕೆ ಮುಖ್ಯ.

ಹಾಗಾದರೆ ಎಡಗಡೆ ಯಾಕೆ ಜಾಸ್ತಿ? ಕ್ಯಾಂಬರಿನಲ್ಲಿ 0.6 ಡಿಗ್ರಿ ವ್ಯತ್ಯಾಸ ಇದೆ, ಅದು ಒಂದು. ಇನ್ನೊಂದು ಅನುಮಾನ ನನಗೆ ಬಲವಾಗಿದೆ. ಎಡಗಡೆ ಒಂದು ಬುಷ್ (ಆರ್ಮ್ ಕಾರಿಗೆ ಸೇರುವ ಕಡೆ ಇರುವ ರಬ್ಬರ್ ಕೀಲು) ಹರಿದಿರಬಹುದು. ಒಂದೇ ಕಡೆ ಕ್ಯಾಂಬರ್, ಟೋ ಎರಡೂ ಒಟ್ಟಿಗೆ ದಾರಿ ತಪ್ಪಿವೆ, ಎರಡೂ ಕಡೆ ಎತ್ತರ ಒಂದೇ ಇದ್ದರೆ ಹಾಗಾಗಬಾರದು. ಬುಷ್ ಹರಿದರೆ ಮಷಿನ್ ತೋರಿಸೋ ಸಂಖ್ಯೆ ನಿಂತ ಕಾರಿನದು ಮಾತ್ರ. ಆಕ್ಸಿಲರೇಟರ್ ಒತ್ತಿದಾಗ, ಬ್ರೇಕ್ ಹಾಕಿದಾಗ ಚಕ್ರ ಎಲ್ಲಿಗೆ ಓಡುತ್ತದೆ ಅಂತ ಚೀಟಿಯಲ್ಲಿ ಬರೋದಿಲ್ಲ.

ಎರಡು ಕೆಲಸ ಮಾಡಿ. ಒಂದು, ಎರಡೂ ಹಿಂದಿನ ಚಕ್ರಗಳ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಎತ್ತರ ಅಳೆಯಿರಿ. ಎರಡು, ಕಾರು ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಕೆಳಗಿನ ಆರ್ಮ್ ಮತ್ತು ಸಬ್‌ಫ್ರೇಮ್ (ಆರ್ಮುಗಳನ್ನು ಹಿಡಿದಿರುವ ಚೌಕಟ್ಟು) ನಡುವೆ ಸಬ್ಬಲು ಹಾಕಿ ಮೆಲ್ಲಗೆ ಎತ್ತಿ. ರಬ್ಬರ್ ಸ್ವಲ್ಪ ಮಣಿಯಬೇಕು. ಬುಷ್‌ನ ಒಳಗಿನ ಲೋಹದ ತೋಳು (ಕೊಳವೆ) ರಬ್ಬರ್ ಬಿಟ್ಟು ಓಡಾಡಬಾರದು, ಬಿರುಕಿನಲ್ಲಿ ಬೆಳಕು ಕಾಣಬಾರದು.

ಕೆಂಪುರೋಡ್‌ಸ್ಟರ್:

ಎತ್ತರ ಎರಡೂ ಕಡೆ ಸುಮಾರು ಒಂದೇ, ಎಡಗಡೆ 3 ಮಿ.ಮೀ. ತಗ್ಗು. ಸಬ್ಬಲು ಹಾಕಿ ನೋಡಿದೆ. ಅಲೈನ್‌ಮೆಂಟ್‌ಕೆಲಸ ಅವರೇ, ನೀವು ಹೇಳಿದ್ದು ನಿಜ. ಎಡಗಡೆ ಕೆಳಗಿನ ಆರ್ಮಿನ ಹಿಂದಿನ ಬುಷ್ ಅರ್ಧ ಸುತ್ತು ಹರಿದಿದೆ. ಬಲಗಡೆಯದರಲ್ಲೂ ಬಿರುಕು ಶುರುವಾಗಿದೆ. ಈ ಬುಷ್‌ಗಳನ್ನು ಕಾಯಿಲೋವರ್ ಹಾಕುವಾಗಲೇ ಹೊಸದಾಗಿ ಹಾಕಿಸಿದ್ದು. ಇಷ್ಟು ಬೇಗ ಹರಿಯೋಕೆ ಏನು ಕಾರಣ?

ಹಳೇಸ್ಪ್ಯಾನರ್:

ಹಾಕಿದವರು ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬೋಲ್ಟ್ ಬಿಗಿದಿದ್ದಾರೆ. ನೂರಕ್ಕೆ ತೊಂಬತ್ತು ಸಲ ಇದೇ ಕಾರಣ.

ರಬ್ಬರ್ ಬುಷ್ ತಿರುಗುವ ಬೇರಿಂಗ್ ಅಲ್ಲ. ಒಳಗಿನ ಲೋಹದ ತೋಳು, ರಬ್ಬರ್, ಹೊರಗಿನ ತೋಳು, ಮೂರೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆರ್ಮ್ ಮೇಲೆ ಕೆಳಗೆ ಹೋದಾಗ ರಬ್ಬರ್ ತಿರುಚಿಕೊಳ್ಳುತ್ತದೆ, ಮತ್ತೆ ವಾಪಸ್ ಬರುತ್ತದೆ. ಬೋಲ್ಟ್ ಬಿಗಿದ ಗಳಿಗೆಯಲ್ಲಿ ಆರ್ಮ್ ಎಲ್ಲಿತ್ತೋ ಅದೇ ರಬ್ಬರಿನ ವಿಶ್ರಾಂತಿಯ ಜಾಗ. ಚಕ್ರ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ತಗ್ಗಿಸಿದ ಕಾರಿನಲ್ಲಿ ಆ ತಿರುಚು ಇನ್ನೂ ಜಾಸ್ತಿ. ಗುಂಡಿ ಸಿಕ್ಕಾಗ ಮಿತಿ ದಾಟುತ್ತದೆ, ಹರಿಯುತ್ತದೆ. ಅದರ ಜೊತೆಗೆ ರಬ್ಬರೇ ಒಂದು ಸ್ಪ್ರಿಂಗ್ ಆಗಿ ಕಾರನ್ನು ಸ್ವಲ್ಪ ಮೇಲೆ ಎತ್ತಿ ಹಿಡಿಯುತ್ತದೆ. ನೀವು ಹೊಂದಿಸಿದ ಎತ್ತರವೂ ಸುಳ್ಳಾಗುತ್ತದೆ.

ಸರಿಯಾದ ಕ್ರಮ ಇಷ್ಟು. ಎಲ್ಲ ಬೋಲ್ಟು ಸಡಿಲವಾಗಿ ಕೂರಿಸಿ. ಕೆಳಗಿನ ಆರ್ಮಿನ ತುದಿಗೆ ಜ್ಯಾಕ್ ಕೊಟ್ಟು, ಚಕ್ರದ ನಡುವಿನಿಂದ ಫೆಂಡರಿಗೆ ಇರುವ ಅಂತರ ಕಾರು ನೆಲದ ಮೇಲೆ ನಿಂತಾಗ ಎಷ್ಟೋ ಅಷ್ಟಕ್ಕೇ ತನ್ನಿ. ಆಗ ಬಿಗಿಯಿರಿ. ಎಷ್ಟು ಬಿಗಿಯಬೇಕು ಅನ್ನೋದು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇದೆ, ಅಂದಾಜಿಗೆ ಬಿಗಿಯಬೇಡಿ.

ಎತ್ತರ ಬದಲಾಯಿಸಿದಾಗೆಲ್ಲ ಇದೇ ಬೋಲ್ಟುಗಳನ್ನು ಸಡಿಲ ಮಾಡಿ ಮತ್ತೆ ಬಿಗಿಯಬೇಕು. ಕಾಯಿಲೋವರಿನ ಎತ್ತರ ಮಾತ್ರ ತಿರುಗಿಸಿ ಬಿಡುವವರೇ ಜಾಸ್ತಿ.

ಟ್ರ್ಯಾಕ್‌ಪ್ರಿಯೆ:

ಪಾಲಿಯುರೆಥೇನ್ ಬುಷ್ ಹಾಕಿದರೆ ಈ ತಿರುಚುವ ತೊಂದರೆ ಇಲ್ಲ. ಒಳಗಿನ ತೋಳು ಅದರಲ್ಲಿ ತಿರುಗುತ್ತದೆ. ಆದರೆ ಗ್ರೀಸ್ ಬೇಕು, ಒಣಗಿದರೆ ಕಿರುಗುಟ್ಟುತ್ತದೆ, ರಸ್ತೆಯ ಅದುರು ಜಾಸ್ತಿ ಒಳಗೆ ಬರುತ್ತದೆ. ಟ್ರ್ಯಾಕ್ ಕಾರಿಗೆ ನಾನು ಅದನ್ನೇ ಹಾಕಿದ್ದೇನೆ. ದಿನದ ಓಡಾಟಕ್ಕೆ ಹೊಸ ರಬ್ಬರ್ ಬುಷ್ ಸಾಕು, ಸರಿಯಾಗಿ ಬಿಗಿದರೆ.

ಕೆಂಪುರೋಡ್‌ಸ್ಟರ್:

ಇನ್ನು ಆ ತುಕ್ಕು ಹಿಡಿದ ಬೋಲ್ಟುಗಳ ಕಥೆ. ಒಂದೂ ಅಲ್ಲಾಡುತ್ತಿಲ್ಲ.

ಅಲೈನ್‌ಮೆಂಟ್‌ಕೆಲಸ:

ಈ ಕಾರಿನ ವಿನ್ಯಾಸ ನಿಜಕ್ಕೂ ಒಳ್ಳೆಯದು. 1989ರಲ್ಲಿ ಬಂದ ಮೊದಲ ಎಂಎಕ್ಸ್-5ರಿಂದಲೇ ನಾಲ್ಕೂ ಕಡೆ ಡಬಲ್ ವಿಷ್‌ಬೋನ್ (ಪ್ರತಿ ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್). ನಾಲ್ಕೂ ಕೆಳಗಿನ ಆರ್ಮುಗಳಿಗೆ ಎಕ್ಸೆಂಟ್ರಿಕ್ ಬೋಲ್ಟ್, ಅಂದರೆ ತಿರುಗಿಸಿದರೆ ಆರ್ಮ್ ಆಚೆ ಈಚೆ ಸರಿಯುವ ನಡು ತಪ್ಪಿಸಿದ ಬೋಲ್ಟ್. ಕಂಪನಿಯೇ ಇಷ್ಟು ಹೊಂದಾಣಿಕೆ ಕೊಡೋದು ಅಪರೂಪ. ಅದಕ್ಕೇ ಹೊಸ ಆರ್ಮ್ ಬೇಡ ಅಂತ ನಾನೂ ಹೇಳುತ್ತೇನೆ. ಇರುವುದನ್ನು ತಿರುಗುವ ಹಾಗೆ ಮಾಡಿದರೆ ಸಾಕು.

ಬೋಲ್ಟ್ ಹಿಡಿದುಕೊಳ್ಳೋದು ನಟ್‌ನಲ್ಲಿ ಅಲ್ಲ, ಬುಷ್‌ನ ಒಳಗಿನ ಉಕ್ಕಿನ ತೋಳಿನಲ್ಲಿ. ನಟ್ ಸುಲಭವಾಗಿ ಬಿಚ್ಚಿಕೊಂಡರೂ ಬೋಲ್ಟ್ ತಿರುಗದೇ ಇರೋದು ಅದಕ್ಕೇ. ಬಲವಂತ ಮಾಡಿದರೆ ಬೋಲ್ಟಿನ ಜೊತೆ ತೋಳೂ ತಿರುಗಿ ರಬ್ಬರ್ ಹರಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದೆರಡು ದಿನ ಬಿಡಿ, ಮತ್ತೆ ಹಾಕಿ. ನಿಮ್ಮ ಬುಷ್ ಹೇಗಿದ್ದರೂ ಹೋಗುವಂಥದ್ದು. ಹಾಗಾಗಿ ಎಣ್ಣೆಗೆ ಬಗ್ಗದಿದ್ದರೆ ಆರ್ಮ್ ಮತ್ತು ಬ್ರಾಕೆಟ್ ನಡುವಿನ ಸಂದಿಯಲ್ಲಿ ಬೋಲ್ಟನ್ನು ಕತ್ತರಿಸಿ ಹೊಸದು ಹಾಕಿ. ಬೆಂಕಿ ಕೊಟ್ಟರೆ ರಬ್ಬರ್ ಉರಿಯುತ್ತದೆ, ಹತ್ತಿರದಲ್ಲೇ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಇರುತ್ತವೆ, ಮನೆಯಲ್ಲಿ ಅದು ಬೇಡ. ಹೊಸ ಬೋಲ್ಟಿಗೆ ತೋಳಿನ ಒಳಗೆ ಕೂರುವ ಭಾಗಕ್ಕೆ ಮಾತ್ರ ತುಕ್ಕು ತಡೆಯುವ ಗ್ರೀಸ್ ಹಚ್ಚಿ. ನಟ್ ಕೂರುವ ತಿರುಪಿನ ಗೆರೆಗಳಿಗೆ ಹಚ್ಚಿದರೆ ಬಿಗಿಯುವ ಲೆಕ್ಕ ತಪ್ಪುತ್ತದೆ.

ಬಿಚ್ಚುವ ಮುಂಚೆ ಎಕ್ಸೆಂಟ್ರಿಕ್ ವಾಷರ್ ಎಲ್ಲಿದೆ ಅಂತ ಬಣ್ಣದಲ್ಲಿ ಗೆರೆ ಎಳೆದಿಡಿ. ಅಲೈನ್‌ಮೆಂಟಿಗೆ ಓಡಿಸಿಕೊಂಡು ಹೋಗುವಷ್ಟಾದರೂ ಚಕ್ರ ನೇರ ಇರುತ್ತದೆ.

ಇ30ಮಾಲೀಕ:

ಇವರಿಗೆ ಎಕ್ಸೆಂಟ್ರಿಕ್ ಬೋಲ್ಟ್ ಇದೆ, ಅದೃಷ್ಟ. ನನ್ನ ಬಿಎಂಡಬ್ಲ್ಯು ಇ30ಗೆ ಹಿಂದೆ ಕಂಪನಿಯಿಂದ ಯಾವ ಹೊಂದಾಣಿಕೆಯೂ ಇಲ್ಲ. ಅಲ್ಲಿರೋದು ಸೆಮಿ ಟ್ರೇಲಿಂಗ್ ಆರ್ಮ್, ಒಂದೊಂದು ಚಕ್ರಕ್ಕೆ ಓರೆಯಾಗಿ ಕೀಲಿಸಿದ ಒಂದೇ ಆರ್ಮ್. ತಗ್ಗಿಸಿದರೆ ಕ್ಯಾಂಬರ್, ಟೋ ಎರಡೂ ಒಟ್ಟಿಗೆ ಬದಲಾಗುತ್ತವೆ. ಸರಿ ಮಾಡಬೇಕಾದರೆ ಸಬ್‌ಫ್ರೇಮಿಗೆ ಎಕ್ಸೆಂಟ್ರಿಕ್ ಬ್ರಾಕೆಟ್ ವೆಲ್ಡ್ ಮಾಡಬೇಕು, ಇಲ್ಲವೇ ನಡು ತಪ್ಪಿಸಿದ ಬುಷ್ ಹಾಕಬೇಕು. ಕೊನೆಗೆ ನಾನು ಹೊಸ ಸ್ಪ್ರಿಂಗ್ ಹಾಕಿ ಕಾರನ್ನೇ ಸ್ವಲ್ಪ ಎತ್ತಿದೆ.

ಅಲೈನ್‌ಮೆಂಟ್‌ಕೆಲಸ:

ಹೌದು, ಕಾರು ಕಾರಿಗೂ ಇದು ಬೇರೆ. ಟೊಯೋಟಾ 86ರ ಹಿಂದಿನ ಟೋ ಹೊಂದಿಸಬಹುದು, ಕ್ಯಾಂಬರ್ ಹೊಂದಿಸೋಕೆ ಕಂಪನಿ ಏನೂ ಕೊಟ್ಟಿಲ್ಲ. ಅಂಥ ಕಾರನ್ನು ತುಂಬಾ ತಗ್ಗಿಸಿದರೆ ಹೊಂದಿಸಬಹುದಾದ ಆರ್ಮ್ ನಿಜವಾಗಿಯೂ ಬೇಕಾಗುತ್ತದೆ. ಆರ್ಮ್ ಬೇಕೋ ಬೇಡವೋ ಅಂತ ಹೇಳುವ ಮುಂಚೆ ಯಾವ ಕಾರು ಅಂತ ಕೇಳಬೇಕು. ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಚಕ್ರ ಜೋಡಿಸುವ ಒಂದೇ ತೊಲೆ) ಇರುವ ಕಾರಾದರೆ ಹಬ್ (ಚಕ್ರ ಕೂರುವ ನಡುಭಾಗ) ಮತ್ತು ಬೀಮ್ ನಡುವೆ ತೆಳು ಶಿಮ್ (ತಗಡು) ಹಾಕೋದೇ ದಾರಿ.

ಕ್ಯಾಂಬರ್ ಬದಲಾಯಿಸಿದರೆ ಟೋ ತಾನಾಗಿಯೇ ಬದಲಾಗುತ್ತದೆ. ಎಂಎಕ್ಸ್-5ರಲ್ಲಂತೂ ಒಂದೇ ಆರ್ಮಿನ ಎರಡು ಬೋಲ್ಟುಗಳು ಎರಡನ್ನೂ ಅಲುಗಿಸುತ್ತವೆ. ಹಾಗಾಗಿ ಕ್ಯಾಂಬರ್ ಮೊದಲು, ಟೋ ಆಮೇಲೆ. ಹಿಂದಿನ ಚಕ್ರ ಮೊದಲು, ಮುಂದಿನದು ಆಮೇಲೆ. ಹಿಂದಿನದು ಹಾಗೇ ಬಿಟ್ಟು ಮುಂದಿನದು ಮಾತ್ರ ಹೊಂದಿಸುವ ಕಡೆ ದುಡ್ಡು ಕೊಡಬೇಡಿ.

ಚೀಟಿಯಲ್ಲಿ ಎಲ್ಲ ಹಸಿರು ಬಂತು ಅಂತಲೂ ಖುಷಿಪಡಬೇಡಿ. ಹಸಿರು ಅಂದರೆ ಕಂಪನಿ ಒಪ್ಪುವ ಮಿತಿಯೊಳಗೆ ಇದೆ ಅಂತ ಮಾತ್ರ. ಒಂದು ಕಡೆ ಮಿತಿಯ ಈ ತುದಿ, ಇನ್ನೊಂದು ಕಡೆ ಆ ತುದಿ ಇದ್ದರೂ ಹಸಿರೇ. ನಿಮಗೆ ಬೇಕಾದ ಸಂಖ್ಯೆ ಬರೆದುಕೊಂಡು ಹೋಗಿ ಕೊಡಿ. ಒಳ್ಳೆಯ ಕೆಲಸಗಾರ ಬೇಜಾರು ಮಾಡಿಕೊಳ್ಳೋದಿಲ್ಲ.

ದಾರಅಳತೆ:

ಮಷಿನ್ ಇಲ್ಲದೆಯೂ ಮನೆಯಲ್ಲಿ ಅಳೆಯಬಹುದು. ನಾನು ಹಾಗೇ ಅಳೆಯೋದು. ತಾಳ್ಮೆ ಇದ್ದರೆ ಮಷಿನಿನ ಹತ್ತಿರ ಹತ್ತಿರ ಬರುತ್ತದೆ. ಎತ್ತರ ಬದಲಾಯಿಸಿದಾಗೆಲ್ಲ ಅಂಗಡಿಗೆ ಓಡಬೇಕಾಗಿಲ್ಲ.

ಕಾರು ಸಮತಟ್ಟಾದ ನೆಲದ ಮೇಲೆ ಇರಬೇಕು. ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕೂ ಚಕ್ರದ ಜಾಗದ ಮಟ್ಟ ನೋಡಿ, ತಗ್ಗಿದ್ದ ಕಡೆ ತೆಳು ಹಲಗೆ ಕೊಡಿ. ನೆಲ ಎಡಬಲಕ್ಕೆ ಓರೆ ಇದ್ದರೆ ಒಂದು ಕಡೆ ಕ್ಯಾಂಬರ್ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತೋರಿಸುತ್ತದೆ. ಗಾಳಿ ಸರಿ ಮಾಡಿ. ಪೆಟ್ರೋಲ್ ಅರ್ಧ ಟ್ಯಾಂಕ್ ಇರಲಿ. ಚಾಲಕನ ಸೀಟಿನಲ್ಲಿ ನಿಮ್ಮ ತೂಕದಷ್ಟು ಮರಳಿನ ಚೀಲ ಇಡಿ. ಇಷ್ಟು ಹಗುರ ಕಾರಿನಲ್ಲಿ ಒಬ್ಬ ಮನುಷ್ಯನ ತೂಕ ಎತ್ತರವನ್ನು ಚೆನ್ನಾಗಿಯೇ ಬದಲಾಯಿಸುತ್ತದೆ.

ಕಾರಿನ ಮುಂದೊಂದು, ಹಿಂದೊಂದು ಅಡ್ಡ ಪೈಪು ಕಟ್ಟಿ, ಚಕ್ರದ ನಡುವಿನ ಎತ್ತರಕ್ಕೆ ಎಡಗಡೆ ಒಂದು ದಾರ, ಬಲಗಡೆ ಒಂದು ದಾರ ಎಳೆಯಿರಿ. ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಆಮೇಲೆ ಪೈಪುಗಳನ್ನು ಆಚೆ ಈಚೆ ಸರಿಸಿ, ಮುಂದಿನ ಎರಡು ಹಬ್ಬುಗಳ ನಡುವಿನಿಂದ ಆಯಾ ದಾರಕ್ಕೆ ಸಮ ದೂರ ಬರುವ ಹಾಗೆ ಮಾಡಿ. ಹಿಂದಿನ ಎರಡಕ್ಕೂ ಹಾಗೇ. ಮುಂದಿನ ದೂರ ಹಿಂದಿನ ದೂರ ಒಂದೇ ಇರಬೇಕಾಗಿಲ್ಲ, ಮುಂದಿನ ಎರಡು ಚಕ್ರಗಳ ನಡುವಿನ ಅಂತರವೂ ಹಿಂದಿನ ಎರಡರ ಅಂತರವೂ ಬೇರೆ ಬೇರೆ ಇರುತ್ತದೆ.

ಈಗ ಹಿಂದಿನ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಅಂತ ಅಳೆಯಿರಿ. ಮುಂದಿನ ಅಂಚು ದಾರದಿಂದ ಜಾಸ್ತಿ ದೂರ ಇದ್ದರೆ ಟೋ ಇನ್. 16 ಇಂಚಿನ ರಿಮ್ಮಿನ ಹೊರ ಅಂಚು ಸುಮಾರು 430 ಮಿ.ಮೀ. ಬರುತ್ತದೆ. ಅಲ್ಲಿ 1 ಮಿ.ಮೀ. ವ್ಯತ್ಯಾಸ ಅಂದರೆ 0.13 ಡಿಗ್ರಿ. ಇವರ ಎಡ ಚಕ್ರದ 0.38 ಅಂದರೆ ಸುಮಾರು 3 ಮಿ.ಮೀ. ಕಣ್ಣಿಗೆ ಕಾಣುವಷ್ಟು. ಕ್ಯಾಂಬರಿಗೆ ರಿಮ್ಮಿನ ಮೇಲಂಚು ಕೆಳಂಚಿಗೆ ತೂಗುಗುಂಡು ಬಿಟ್ಟು ನೋಡಿ. ಒಂದು ಡಿಗ್ರಿಗೆ ಏಳೂವರೆ ಮಿ.ಮೀ.

ಜ್ಯಾಕಿನಿಂದ ಇಳಿಸಿದ ಕೂಡಲೇ ಅಳೆಯಬೇಡಿ. ಟೈರ್ ನೆಲಕ್ಕೆ ಕಚ್ಚಿಕೊಂಡು ಸಸ್ಪೆನ್ಷನ್ ಕೂರುವುದಿಲ್ಲ. ಕಾರನ್ನು ಕೆಲವು ಮೀಟರ್ ಮುಂದೆ ಹಿಂದೆ ತಳ್ಳಿ, ಹಿಂಭಾಗವನ್ನು ಕೈಯಿಂದ ಒತ್ತಿ ಬಿಡಿ. ಇಲ್ಲವೇ ಟೈರಿನ ಕೆಳಗೆ ಎರಡು ತಗಡಿನ ನಡುವೆ ಗ್ರೀಸ್ ಹಚ್ಚಿ ಇಡಿ. ಆಗ ಬೋಲ್ಟ್ ತಿರುಗಿಸಿದ ಹಾಗೆ ಚಕ್ರ ಸಲೀಸಾಗಿ ಜಾರುತ್ತದೆ.

ಹೊಸಚಾಲಕ:

ತುಂಬಾ ಉಪಯೋಗ ಆಯಿತು. ಹಾಗಾದರೆ ಟೋ ಸೊನ್ನೆ ಮಾಡಿಬಿಟ್ಟರೆ ಟೈರ್ ಇನ್ನೂ ಜಾಸ್ತಿ ಬಾಳುತ್ತದೆ ಅಲ್ವಾ?

ಟ್ರ್ಯಾಕ್‌ಪ್ರಿಯೆ:

ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ಚಕ್ರಕ್ಕೆ ಸ್ವಲ್ಪ ಟೋ ಇನ್ ಬೇಕೇ ಬೇಕು. ನಿಂತಾಗ ಸೊನ್ನೆ ಇದ್ದದ್ದು ಬ್ರೇಕ್ ಹಾಕಿದಾಗ ಬುಷ್ ಮಣಿದು ಟೋ ಔಟ್ ಆಗಬಹುದು. ಹಿಂದಿನ ಟೋ ಔಟ್ ಇರುವ ಕಾರು ವೇಗದಲ್ಲಿ ಲೇನ್ ಬದಲಾಯಿಸುವಾಗ ಹಿಂಭಾಗವನ್ನು ಹೊರಗೆ ಎಸೆಯುತ್ತದೆ. ಒದ್ದೆ ರಸ್ತೆಯಲ್ಲಿ ಅದನ್ನು ಹಿಡಿಯೋಕೆ ಸಮಯ ಸಿಗಲ್ಲ. ಟೈರ್ ಉಳಿಸೋಕೆ ಹೋಗಿ ಪ್ರಾಣಕ್ಕೆ ತಂದುಕೊಳ್ಳಬಾರದು. ರಸ್ತೆ ಕಾರಿಗೆ ಒಂದೊಂದು ಚಕ್ರಕ್ಕೆ 0.10 ಟೋ ಇನ್ ಇಟ್ಟುಕೊಳ್ಳಿ.

ಹಳೇಸ್ಪ್ಯಾನರ್:

ಮೇಡಂ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. 0.10 ಇದ್ದರೆ ಕಿಲೋಮೀಟರಿಗೆ ಎರಡು ಮೀಟರಿಗಿಂತ ಕಡಿಮೆ ಅಡ್ಡ ಎಳೆತ. ಟೈರ್ ಅದನ್ನು ತಾಳಿಕೊಳ್ಳುತ್ತದೆ.

ಕೆಂಪುರೋಡ್‌ಸ್ಟರ್ ಅವರೇ, ಇನ್ನೊಂದು ಸಲಹೆ. ಕಾರನ್ನು ಸ್ವಲ್ಪ ಮೇಲೆತ್ತಿ. 40 ಮಿ.ಮೀ. ತಗ್ಗಿಸಿದಾಗ ಆರ್ಮುಗಳು ತಮ್ಮ ಕಮಾನಿನಲ್ಲಿ ಎಷ್ಟೋ ಮೇಲೆ ಹೋಗಿರುತ್ತವೆ. ಅಲ್ಲಿಂದ ಮುಂದೆ ಚಕ್ರ ಸ್ವಲ್ಪ ಮೇಲೆ ಹೋದರೂ ಕ್ಯಾಂಬರ್ ಇನ್ನಷ್ಟು ಏರುತ್ತದೆ. ಪಕ್ಕದ ಸೀಟಿಗೆ ಒಬ್ಬರು, ಡಿಕ್ಕಿಗೆ ಒಂದು ಚೀಲ ಬಂದರೆ ನೀವು ಚೀಟಿಯಲ್ಲಿ ಕಂಡ 2.9 ರಸ್ತೆಯಲ್ಲಿ ಮೂರು ದಾಟಿರುತ್ತದೆ. ಬಂಪ್ ಸ್ಟಾಪಿಗೂ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್) ಶಾಕ್ ದೇಹಕ್ಕೂ ನಡುವೆ ಎಷ್ಟು ಜಾಗ ಉಳಿದಿದೆ ಅಂತ ನೋಡಿ. ಜಾಗವೇ ಇಲ್ಲದಿದ್ದರೆ ಟೈರ್ ಪುಟಿಯುತ್ತಾ ಓಡುತ್ತದೆ, ಸವೆತ ತೇಪೆ ತೇಪೆಯಾಗಿ ಬರುತ್ತದೆ. 10ರಿಂದ 15 ಮಿ.ಮೀ. ಎತ್ತಿದರೆ ನೋಟ ಅಷ್ಟೇನೂ ಕೆಡುವುದಿಲ್ಲ.

ಕೆಂಪುರೋಡ್‌ಸ್ಟರ್:

ಕೆಲಸ ಮುಗಿಸಿ ಬಂದೆ. ಎಡ ಬಲ ಎರಡೂ ಕೆಳಗಿನ ಆರ್ಮುಗಳಿಗೆ ಹೊಸ ರಬ್ಬರ್ ಬುಷ್ ಹಾಕಿದೆ. ನಾಲ್ಕು ಬೋಲ್ಟುಗಳಲ್ಲಿ ಎರಡು ಎಣ್ಣೆಗೆ ಬಂದವು, ಎರಡನ್ನು ಕತ್ತರಿಸಬೇಕಾಯಿತು. ಕಾರನ್ನು 12 ಮಿ.ಮೀ. ಎತ್ತಿದೆ. ಎತ್ತರ ಅಳೆದುಕೊಂಡು ಜ್ಯಾಕ್ ಕೊಟ್ಟೇ ಬಿಗಿದೆ. ದಾರ ಕಟ್ಟಿ ಅಂದಾಜು ಹೊಂದಿಸಿಕೊಂಡು, ಬೇರೆ ಕಡೆ ಮಷಿನಿಗೆ ಹಾಕಿಸಿದೆ. ದಾರದ ಅಳತೆಗೂ ಮಷಿನಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಈಗ ಹಿಂದೆ ಎರಡೂ ಕಡೆ ಕ್ಯಾಂಬರ್ ಮೈನಸ್ 1.6, ಟೋ ಇನ್ 0.10, ಥ್ರಸ್ಟ್ ಆಂಗಲ್ ಸೊನ್ನೆ. ಒಂದೂ ಹೊಸ ಆರ್ಮ್ ತಗೊಂಡಿಲ್ಲ. ಸ್ಟಿಯರಿಂಗ್ ನೇರ ನಿಂತಿದೆ. ವೇಗದಲ್ಲಿ ಬ್ರೇಕ್ ಹಾಕಿದಾಗ ಹಿಂಭಾಗ ಸ್ವಲ್ಪ ಅತ್ತ ಇತ್ತ ಆಡುತ್ತಿತ್ತು, ಅದೂ ಹೋಗಿದೆ. ಅದು ಈ ಕಾರಿನ ಗುಣ ಅಂದುಕೊಂಡಿದ್ದೆ. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ.

ಬಲಗಡೆಯ ಹಳೆ ಟೈರಿನಲ್ಲಿ ಹೊರಗಡೆ ಬೇಕಾದಷ್ಟು ರಬ್ಬರ್ ಇದೆ. ಅದನ್ನು ರಿಮ್ಮಿನ ಮೇಲೆ ತಿರುಗಿಸಿ ಹಾಕಿ ಬಳಸಬಹುದಾ?

ಅಲೈನ್‌ಮೆಂಟ್‌ಕೆಲಸ:

ಟೈರಿನ ಪಕ್ಕದಲ್ಲಿ ಒಳಗಡೆ, ಹೊರಗಡೆ ಅಂತ ಗುರುತು ಇದ್ದರೆ ತಿರುಗಿಸಬಾರದು. ಆ ಗುರುತೂ ಇಲ್ಲ, ಬಾಣವೂ ಇಲ್ಲ ಅಂದರೆ ಅದೇ ರಿಮ್ಮಿಗೆ ಮಗುಚಿ ಹಾಕಬಹುದು. ತಿರುಗುವ ದಿಕ್ಕಿನ ಬಾಣ ಮಾತ್ರ ಇದ್ದರೆ ಎಡಗಡೆ ಟೈರನ್ನು ಬಿಚ್ಚಿ ಬಲಗಡೆ ರಿಮ್ಮಿಗೆ, ಬಲಗಡೆಯದನ್ನು ಎಡಗಡೆ ರಿಮ್ಮಿಗೆ ಹಾಕಬಹುದು. ಬಾಣದ ದಿಕ್ಕು ಸರಿಯಾಗಿಯೇ ಉಳಿಯುತ್ತದೆ, ಒಳ ಅಂಚು ಹೊರಗೆ ಬರುತ್ತದೆ. ಹಿಂದೆ ಅಗಲ ಟೈರ್, ಮುಂದೆ ಸಣ್ಣ ಟೈರ್ ಇರುವ ಕಾರಿನವರಿಗೆ, ಟೈರಿಗೆ ದಿಕ್ಕಿನ ಬಾಣ ಇದ್ದರೆ, ಇದೊಂದೇ ಅದಲುಬದಲು ಸಾಧ್ಯ.

ಆದರೆ ನೀವು ಈ ಟೈರಿಗೆ ಆಸೆ ಪಡಬೇಡಿ. ಎಡಗಡೆಯದು ಎಸೆಯಲೇಬೇಕು. ಒಂದು ಕಡೆ ಹೊಸದು, ಒಂದು ಕಡೆ ಸವೆದದ್ದು ಹಾಕಿದರೆ ಸುತ್ತಳತೆ ಬೇರೆ ಆಗುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ತೀರಾ ಬೇರೆ ವೇಗದಲ್ಲಿ ತಿರುಗದಂತೆ ತಡೆಯುವ ಗೇರು) ಇದ್ದರೆ ನೇರ ರಸ್ತೆಯಲ್ಲೂ ಅದು ಸುಮ್ಮನೆ ದುಡಿಯುತ್ತಿರುತ್ತದೆ. ಹಿಂದಿನದು ಎರಡೂ ಹೊಸದು ಹಾಕಿ. ನಿಮ್ಮದು ನಾಲ್ಕೂ ಒಂದೇ ಅಳತೆ, ಟೈರಿನಲ್ಲಿ ದಿಕ್ಕಿನ ಬಾಣ ಇಲ್ಲದಿದ್ದರೆ ಇನ್ನು ಮೇಲೆ ಹಿಂದಿನವನ್ನು ನೇರ ಮುಂದಕ್ಕೆ, ಮುಂದಿನವನ್ನು ಅಡ್ಡಡ್ಡ ಬದಲಿಸಿ ಹಿಂದಕ್ಕೆ ಹಾಕುತ್ತಿರಿ.

ಕೆಂಪುರೋಡ್‌ಸ್ಟರ್:

ಸರಿ, ಎರಡೂ ಹೊಸದೇ ಹಾಕಿಸುತ್ತೇನೆ. ಬುಷ್ ಹೊಸದಾಗಿರುವುದರಿಂದ ಟೋ ಮತ್ತೆ ನೋಡಬೇಕಾ?

ಅಲೈನ್‌ಮೆಂಟ್‌ಕೆಲಸ:

ನೋಡಿ. 500 ಕಿ.ಮೀ. ಆದಮೇಲೆ ಎಕ್ಸೆಂಟ್ರಿಕ್ ಬೋಲ್ಟಿನ ಬಣ್ಣದ ಗೆರೆ ಜಾಗ ಬಿಟ್ಟಿದೆಯಾ ಅಂತ ನೋಡಿ, ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಿ. ಟೈರಿನ ಒಳ, ನಡು, ಹೊರ ಮೂರು ಕಡೆ ಆಳ ಅಳೆದು ಇವತ್ತೇ ಬರೆದಿಡಿ. ಒಳ ಅಂಚು ನಡುವಿಗಿಂತ ಬೇಗ ಇಳಿಯೋಕೆ ಶುರುವಾದರೆ ಅರ್ಧ ಮಿ.ಮೀ. ವ್ಯತ್ಯಾಸದಲ್ಲೇ ನಿಮಗೆ ಗೊತ್ತಾಗುತ್ತದೆ. ಆಗ ಮತ್ತೆ ದಾರ ಕಟ್ಟಿ.